ಕೂದಲ ಹಗ್ಗ, ಡಾಂಬರಿನ ಪೀಪಾಯಿ: ಶೀಲಾ ಗೌಡರ ಕಲಾದ್ರವ್ಯಗಳು

ನಮ್ಮ ಹೆದ್ದಾರಿಗಳಲ್ಲಿ ಓಡಾಡುವ ಲಾರಿಗಳ ಮುಂಭಾಗವನ್ನು ಸಾವಧಾನವಾಗಿ ನೋಡಿದವರು, ನಿಂಬೆಹಣ್ಣು ಮೆಣಸಿನಕಾಯಿಗಳ ಸರದೊಡನೆಯೋ ಸವೆದ ಚಪ್ಪಲಿಯೊಂದರ ಜೊತೆಗೋ, ಕೆಟ್ಟ ದೃಷ್ಟಿ ತಾಗದಿರಲೆಂದು ಬಂಪರಿಗೆ ಸುತ್ತಿ ಗಂಟು ಹಾಕಿದ ಕಪ್ಪು ಹಗ್ಗವನ್ನು ಕಂಡೇ ಇರುತ್ತಾರೆ. ಆ ಹಗ್ಗ ಅನೇಕ ವೇಳೆ ನಾರಿನದೂ ಅಲ್ಲ, ನೂಲಿನದೂ ಅಲ್ಲ. ಮನುಷ್ಯರ ತಲೆಗೂದಲನ್ನು ಹೊಸೆದು ಮಾಡಿದ್ದು. ತಿರುಪತಿಯೇ ಮೊದಲಾದ ಕ್ಷೇತ್ರಗಳಲ್ಲಿ ಹರಕೆ ಹೊತ್ತವರು ಮುಡಿ ಕೊಡುತ್ತಾರಲ್ಲವೆ, ಆ ಕೇಶರಾಶಿಯಲ್ಲಿ ನೀಳವಾದುದು ವಿಗ್ಗು ತಯಾರಿಸುವವರ ಕೈಸೇರಿ ದೇಶಾಂತರಗಳಿಗೆ ಹೋಗುತ್ತದೆ. ಬೆಲೆ ಬಾಳದ ತುಂಡುಗೂದಲಲ್ಲಿ ಒಂದು ಪಾಲು ಹಗ್ಗವಾಗಿ ಹೊಸೆಯಲ್ಪಟ್ಟು, ವಾಹನಗಳಿಗೆ ರಕ್ಷೆಯಾಗಿ ಕಟ್ಟುವ ಸಲುವಾಗಿ ಅಂಗಡಿಗಳಲ್ಲಿ ಮಾರಾಟಕ್ಕೆ ಬರುತ್ತದೆ. ಒಬ್ಬರ ಹರಕೆ ಹೀಗೆ ಇನ್ನೊಬ್ಬರ ರಕ್ಷೆಯಾಗುವ ಈ ವಿಚಿತ್ರ ಪಯಣವನ್ನು ನಾವೆಲ್ಲ ದಿನವೂ ನೋಡುತ್ತಿದ್ದೆವು, ಆದರೆ ಗಮನಿಸುತ್ತಿರಲಿಲ್ಲ. 2009ರಲ್ಲಿ ಇಟಲಿಯ ವೆನಿಸ್ ನಗರದ ದ್ವೈವಾರ್ಷಿಕ ಕಲಾಪ್ರದರ್ಶನದಲ್ಲಿ, ಸುಮಾರು 4000 ಮೀಟರ್ ಉದ್ದದ ಇಂಥ ಕೂದಲ ಹಗ್ಗವನ್ನೂ ಕಾರುಗಳ ಹೊಳೆಯುವ ಉಕ್ಕಿನ ಬಂಪರುಗಳನ್ನೂ ಬಿಟ್ಟು ಬೇರಾವ ಸಾಮಗ್ರಿಯನ್ನೂ ಬಳಸದೆ ರಚಿಸಿದ 'ಬಿಹೋಲ್ಡ್' ಎಂಬ ಕೃತಿಯೊಂದು ಪ್ರದರ್ಶಿತವಾಯಿತು. ಅದರ ಕರ್ತೃ ಶೀಲಾ ಗೌಡ; ಭದ್ರಾವತಿಯಲ್ಲಿ 1957ರಲ್ಲಿ ಜನಿಸಿ, ಬೆಂಗಳೂರನ್ನು ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡ ಕಲಾವಿದೆ.

ಆ ಕೃತಿಯಲ್ಲಿ ಭಾರವಾದ ಬಂಪರುಗಳನ್ನು ಹೊತ್ತಿರುವುದು ಕೂದಲ ಹಗ್ಗವೇ. ಗೋಡೆಯ ಮೇಲೆ ಎತ್ತರದಿಂದ ಇಳಿಯುವ ಹಗ್ಗ ಕೆಲವೆಡೆ ಬಿಗಿಯಾಗಿ ಜಗ್ಗಿ ನಿಂತು, ಕೆಲವೆಡೆ ಸಡಿಲವಾಗಿ ಜೋತುಬಿದ್ದು, ಮತ್ತೆ ಕೆಲವೆಡೆ ನೆಲದ ಮೇಲೆ ರಾಶಿರಾಶಿಯಾಗಿ ಸುರುಳಿಗೊಂಡು ಬಿದ್ದಿರುತ್ತದೆ. ನಡುನಡುವೆ ಉಕ್ಕಿನ ತುಂಡುಗಳು ತಮ್ಮ ನಯವಾದ ಮೈಯಲ್ಲಿ ಕೋಣೆಯ ಬೆಳಕನ್ನು ಹಿಡಿದು ಹಿಂದಿರುಗಿಸುತ್ತಿರುತ್ತವೆ. ಮಾನವದೇಹದಿಂದ ಬಂದ, ಕತ್ತರಿಗೆ ಸುಲಭವಾಗಿ ಸಿಕ್ಕುವ, ನಗಣ್ಯವೆನಿಸಿಕೊಂಡ ವಸ್ತು ಕಾರ್ಖಾನೆಯ ಕಠಿನಲೋಹವನ್ನು ಎತ್ತಿ ಹಿಡಿದಿದೆ ಎಂಬುದನ್ನು ನೋಡುಗನಿಗೆ ಯಾರೂ ವಿವರಿಸಬೇಕಾದ್ದಿಲ್ಲ. ಕಣ್ಣೇ ಅದನ್ನು ಗ್ರಹಿಸುತ್ತದೆ. ಆ ಹಗ್ಗ ನಮ್ಮ ನಾಡಿನಲ್ಲಿ ಯಾವ ಕಾರ್ಯಕ್ಕೆ ವಿನಿಯೋಗವಾಗುತ್ತದೆ ಎಂಬುದನ್ನು ಬಲ್ಲವನಿಗಾದರೋ, ಭಯ, ಭಕ್ತಿ, ವ್ಯಾಪಾರ, ವೇಗ ಇವೆಲ್ಲವೂ ಒಂದೇ ಎಳೆಯಲ್ಲಿ ಹೊಸೆದುಕೊಂಡಿರುವುದು ಕಾಣುತ್ತದೆ. ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ಆ ಕೃತಿಯ ಮುಂದೆ ನಿಂತ ವಿದೇಶೀಯ ಪ್ರೇಕ್ಷಕನಿಗಿಂತ, ದಾವಣಗೆರೆಯ ಲಾರಿ ಚಾಲಕನೊಬ್ಬನು ಅದನ್ನು ಹೆಚ್ಚು ಬೇಗನೆ ಓದಬಲ್ಲನೆಂಬುದು ನನ್ನ ದೃಢವಾದ ನಂಬಿಕೆ.

ನಿತ್ಯಬಳಕೆಯ ಸಾಮಾನು ಕಲೆಯೊಳಕ್ಕೆ ಬಂದದ್ದು ನಿನ್ನೆ ಮೊನ್ನೆಯ ಮಾತಲ್ಲ. ಪಿಕಾಸೊ 1912ರಲ್ಲಿ ತನ್ನ ಚಿತ್ರವೊಂದರ ಮೇಲೆ ಬೆತ್ತದ ಹೆಣಿಗೆಯ ಅಚ್ಚಿದ್ದ ಮೇಣಬಟ್ಟೆಯನ್ನು ಅಂಟಿಸಿ ಸುತ್ತಲೂ ಹಗ್ಗದ ಚೌಕಟ್ಟು ಕೂರಿಸಿದನು. ಮಾರ್ಸೆಲ್ ಡುಷಾಂಪ್ 1917ರಲ್ಲಿ ಪಿಂಗಾಣಿಯ ಮೂತ್ರಪಾತ್ರೆಯೊಂದನ್ನು ಪ್ರದರ್ಶನಕ್ಕೆ ಕಳುಹಿಸಿ ದೊಡ್ಡ ಕೋಲಾಹಲವನ್ನೆಬ್ಬಿಸಿದನು. ಇಟಲಿಯ ವಿಮರ್ಶಕ ಜೆರ್ಮಾನೋ ಚೆಲಾಂತ್ 1967ರಲ್ಲಿ, ಗೋಣಿತಾಟು, ಮಣ್ಣು, ಕಲ್ಲಿದ್ದಲುಗಳಂಥ ಬಡ ವಸ್ತುಗಳಿಂದ ಕೆಲಸ ಮಾಡುತ್ತಿದ್ದ ತನ್ನ ದೇಶದ ತರುಣ ಕಲಾವಿದರಿಗೆ 'ಆರ್ತೆ ಪೋವೆರಾ' ಎಂದು ಹೆಸರಿಟ್ಟನು. ಇದು ಪಾಶ್ಚಾತ್ಯ ಕಲೆಯ ಚರಿತ್ರೆಯಲ್ಲಿ ಎಲ್ಲರೂ ಹೇಳುವ ವಂಶಾವಳಿ. ಶೀಲಾ ಗೌಡರನ್ನು ಆ ವಂಶಾವಳಿಯ ಕೊನೆಯ ರೆಂಬೆಯೊಂದಕ್ಕೆ ತಗುಲಿಹಾಕಿ ಸುಮ್ಮನಾಗುವವರು ಉಂಟು. ಅದು ಸಾಲದು ಎಂದು ನನಗೆ ತೋರುತ್ತದೆ.

ಏಕೆಂದರೆ ಅವರಿಗೆ ದೊರೆತ ಶಿಕ್ಷಣದಲ್ಲಿಯೇ ಇನ್ನೊಂದು ಪರಂಪರೆ ಇದೆ. ಬೆಂಗಳೂರಿನಲ್ಲಿ ಆರ್.ಎಂ. ಹಡಪದ್ ಅವರು ಸ್ಥಾಪಿಸಿ ನಡೆಸಿದ ಕೆನ್ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತು 1979ರಲ್ಲಿ ಹೊರಬಿದ್ದ ಅವರು, ಮುಂದೆ ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ಅಧ್ಯಯನ ನಡೆಸಿ, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ ಸ್ನಾತಕೋತ್ತರ ಪದವಿ ಪಡೆದರು. ಶಾಂತಿನಿಕೇತನದ ಬಯಲಿನಲ್ಲಿ ರಾಮ್‌ಕಿಂಕರ್ ಬೈಜರು 1938ರಲ್ಲಿ ನಿರ್ಮಿಸಿದ ಸಂತಾಲ ಕುಟುಂಬದ ಮಹಾಶಿಲ್ಪ ಇಂದಿಗೂ ನಿಂತಿದೆ. ಕಂಚಿಗೂ ಅಮೃತಶಿಲೆಗೂ ಕೈಚಾಚದೆ, ಸಿಮೆಂಟಿಗೆ ಆ ಸೀಮೆಯ ಕೆಂಪು ಜಂಬಿಟ್ಟಿಗೆಯ ಹರಳನ್ನು ಬೆರೆಸಿ, ಹೆಗಲಮೇಲೆ ಸಂಸಾರವನ್ನು ಹೊತ್ತು ನಡೆಯುವ ಶ್ರಮಿಕರನ್ನು ಅವರು ಕಟ್ಟಿ ನಿಲ್ಲಿಸಿದರು. ಯಾರ ಮೂರ್ತಿಯೋ ಅವರ ಕಾಲಿಗೆ ಅಂಟುವ ನೆಲವೇ ಆ ಮೂರ್ತಿಯ ಮೈಯೂ ಆಯಿತು. ಅದೇ ಶಾಂತಿನಿಕೇತನದಲ್ಲಿ ಕಲಿತು, ಮುಂದೆ ಬರೋಡದಲ್ಲಿಯೂ ಶಾಂತಿನಿಕೇತನದಲ್ಲಿಯೂ ಗುರುವಾಗಿದ್ದ ಕೆ.ಜಿ. ಸುಬ್ರಹ್ಮಣ್ಯನ್ ಅವರು, ಕುಂಬಾರನ ಕೈಗೂ ನೇಕಾರನ ಕೈಗೂ ಕಲಾವಿದನ ಕೈಗೂ ನಡುವೆ ಎತ್ತಿದ ಗೋಡೆಯನ್ನು ಆಜೀವ ಪರ್ಯಂತ ಒಪ್ಪದೆ, ಆಟಿಕೆ, ಮಣ್ಣಿನ ಉಬ್ಬುಶಿಲ್ಪ, ಗಾಜಿನ ಹಿಂಬದಿಯ ಚಿತ್ರ ಎಲ್ಲವನ್ನೂ ಸಮಾನ ಗೌರವದಿಂದ ಕೈಗೆತ್ತಿಕೊಂಡವರು. ಶೀಲಾ ಗೌಡ ಈ ಸುಬ್ರಹ್ಮಣ್ಯನ್ ಅವರ ಶಿಷ್ಯೆ. ಶಿಷ್ಯೆಯ ಕೃತಿಗಳಲ್ಲಿ ಕಸುಬಿನ ಬಗ್ಗೆ ಕಾಣುವ ಆಳವಾದ ಗೌರವ ಯಾವ ಬೇರಿನಿಂದ ಬಂದದ್ದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಆದರೂ ಲಂಡನ್ನಿನಿಂದ ಮರಳಿದಾಗ ಅವರು ತೈಲವರ್ಣದ ಚಿತ್ರಕಾರರೇ ಆಗಿದ್ದರು. ಕುಂಚವನ್ನು ಬದಿಗಿರಿಸಿ ಸಗಣಿಗೆ ಕೈಯಿಡುವಂತೆ ಮಾಡಿದ್ದು ಕಾಲದ ಆಘಾತ. 1992ರ ಡಿಸೆಂಬರಿನಿಂದ ಮೊದಲಾಗಿ ದೇಶದಲ್ಲಿ, ವಿಶೇಷವಾಗಿ ಮುಂಬಯಿಯಲ್ಲಿ, ನಡೆದ ಕೋಮುಹಿಂಸೆಯನ್ನು ಕಂಡ ಕಲಾವಿದೆಗೆ, ಕ್ಯಾನ್ವಾಸಿನ ಮೇಲೆ ಆ ಹಿಂಸೆಯ ಆಕೃತಿಗಳನ್ನು ಬರೆದು ತೋರಿಸುವ ಮಾರ್ಗ ಅಪರ್ಯಾಪ್ತವೆನಿಸಿತು. ಅವರಿಗೆ ಬೇಕಾಗಿದ್ದ ದ್ರವ್ಯ ಪವಿತ್ರವೂ ಆಗಿರಬೇಕು, ಹೇಯವೂ ಆಗಿರಬೇಕು; ರಾಜಕಾರಣದ ಬಾಯಲ್ಲಿಯೂ ಇರಬೇಕು, ಬಡವಳ ಅಂಗಳದಲ್ಲಿಯೂ ಇರಬೇಕು. ನಮ್ಮ ನಾಡಿನಲ್ಲಿ ಅಂಥದು ಗೋಮಯವೊಂದೇ.

ಸಗಣಿಯನ್ನು ಕಲೆಯ ಸಾಮಗ್ರಿಯೆಂದರೆ ನಗರದ ಓದುಗರು ಮುಖ ತಿರುಗಿಸಿಯಾರು. ಹಳ್ಳಿಯನ್ನು ಬಲ್ಲವರು ತಿರುಗಿಸಲಾರರು. ಮುಂಜಾನೆ ಅಂಗಳಕ್ಕೆ ಸಗಣಿನೀರು ಚಿಮುಕಿಸಿ, ನೆಲ ಸಾರಿಸಿ, ಅದರ ಮೇಲೆ ರಂಗವಲ್ಲಿ ಎಳೆಯುವುದು ನಮ್ಮ ಹೆಣ್ಣುಮಕ್ಕಳ ದಿನದ ಮೊದಲ ಚಿತ್ರಕರ್ಮ. ಹಬ್ಬದ ದಿನ ಒಂದು ಹಿಡಿ ಸಗಣಿಯನ್ನು ಶಂಕುವಿನಂತೆ ತೀಡಿ, ನೆತ್ತಿಗೆ ಗರಿಕೆ ಸಿಕ್ಕಿಸಿದರೆ ಅದೇ ಬೆನಕಪ್ಪ. ಉತ್ತರ ಕರ್ನಾಟಕದ ಮನೆಗಳಲ್ಲಿ ದೀಪಾವಳಿಯಂದು ಬಾಗಿಲ ಮುಂದೆ ಪಾಂಡವರೂ ಅದೇ ಸಗಣಿಯಿಂದ ಮೂಡುತ್ತಾರೆ. ಪೂಜೆ ಮುಗಿದ ಮೇಲೆ ಅದು ಮತ್ತೆ ತಿಪ್ಪೆಗೋ ಗಿಡದ ಬುಡಕ್ಕೋ ಹೋಗುತ್ತದೆ. ಗೋಡೆಗೆ ತಟ್ಟಿದ ಬೆರಣಿಯ ಮೇಲೆ ತಟ್ಟಿದವಳ ಐದು ಬೆರಳುಗಳೂ ಸ್ಪಷ್ಟವಾಗಿ ಅಚ್ಚೊತ್ತಿರುತ್ತವೆ. ಒಂದು ಗೋಡೆ ತುಂಬ ಒಬ್ಬಳದೇ ಹಸ್ತ, ಒಂದರ ಪಕ್ಕದಲ್ಲೊಂದು, ಬಿಸಿಲಿಗೆ ಒಣಗುತ್ತಾ. ಶೀಲಾ ಗೌಡರು ತೊಂಬತ್ತರ ದಶಕದಲ್ಲಿ ಸಗಣಿಯ ಇಟ್ಟಿಗೆಗಳನ್ನು ಸಾಲಾಗಿ ಜೋಡಿಸಿ, ಸಂದಿಗಳಿಗೆ ಕುಂಕುಮವನ್ನು ತುಂಬಿ, ಸಗಣಿಯ ಮುದ್ದೆಗಳನ್ನು ದಾರದಲ್ಲಿ ಪೋಣಿಸಿ ರಚಿಸಿದ ಕೃತಿಗಳಲ್ಲಿ ಈ ಹಸ್ತಕೌಶಲವೆಲ್ಲವೂ ಇದೆ. ಆದರೆ ಅದರ ಮೇಲೆ ರಕ್ತದ ಬಣ್ಣ ಹರಿದಿದೆ. ಮಂಗಳದ್ರವ್ಯವೆಂದು ನಾವು ಹಣೆಗಿಡುವ ಪುಡಿ, ಸಗಣಿಯ ಬಿರುಕಿನಲ್ಲಿ ಕುಳಿತಾಗ ಗಾಯದಂತೆ ಕಾಣುತ್ತದೆಂಬುದನ್ನು ಅವರು ತೋರಿಸಿಕೊಟ್ಟರು. ಪಾವಿತ್ರ್ಯದ ಹೆಸರಿನಲ್ಲಿ ರಕ್ತ ಹರಿದ ಕಾಲದಲ್ಲಿ ಅದಕ್ಕಿಂತ ನೇರವಾದ ಮಾತನ್ನು ಆಡುವುದು ಯಾವ ಭಿತ್ತಿಪತ್ರಕ್ಕೂ ಸಾಧ್ಯವಿರಲಿಲ್ಲ.

ಅದೇ ಕುಂಕುಮ ಮುಂದೆ ಅವರ ಅತ್ಯಂತ ಪ್ರಸಿದ್ಧ ಕೃತಿಗೂ ಜೀವದ್ರವ್ಯವಾಯಿತು. 1998ರಲ್ಲಿ ಆರಂಭವಾಗಿ, ಅನಂತರ ಬೇರೆ ಬೇರೆ ರೂಪಗಳಲ್ಲಿ ಮರಳಿ ರಚಿತವಾದ 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್' ಎಂಬ ಆ ಕೃತಿಯ ಕೆಲಸದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡತಕ್ಕದ್ದು. ಬಹಳ ಉದ್ದವಾದ ಸಾಧಾರಣ ನೂಲನ್ನು ಸೂಜಿಯ ಕಣ್ಣಿನಲ್ಲಿ ಪೋಣಿಸಿ, ಸೂಜಿ ಸರಿಯಾಗಿ ನೂಲಿನ ನಡುಮಧ್ಯಕ್ಕೆ ಬರುವವರೆಗೆ ಅಷ್ಟು ಉದ್ದವನ್ನೂ ಆ ಸಣ್ಣ ಕಣ್ಣಿನೊಳಗಿಂದಲೇ ಎಳೆಯಬೇಕು. ಹೀಗೆ ಎರಡು ಮಡಿಕೆಯಾದ ನೂಲುಗಳು, ಒಂದೊಂದಕ್ಕೆ ಒಂದೊಂದು ಸೂಜಿಯಂತೆ, ಹತ್ತಾರು ಸೇರಬೇಕು. ಆ ಬಳಿಕ ಅವನ್ನೆಲ್ಲ ಒಟ್ಟುಗೂಡಿಸಿ, ಕುಂಕುಮವನ್ನು ಅಂಟಿನಲ್ಲಿ ಕಲಸಿದ ಲೇಪವನ್ನು ಉದ್ದಕ್ಕೂ ಹಚ್ಚಿ ಹೊಸೆದು, ಒಂದೇ ಹುರಿಯನ್ನಾಗಿ ಮಾಡಬೇಕು. ಮುಗಿದಾಗ ನೂರಾರು ಅಡಿ ಉದ್ದದ ಕಡುಗೆಂಪು ಹುರಿ; ಅದರ ತುದಿಯಲ್ಲಿ ಪೋಣಿಸಿದ ಸೂಜಿಗಳೆಲ್ಲ ಕತ್ತರಿಸಲ್ಪಡದೆ ಗೊಂಚಲಾಗಿ ಜೋಲಾಡುತ್ತಿರುತ್ತವೆ. ಆ ಹುರಿ ಗೋಡೆಯಿಂದ ಗೋಡೆಗೆ ಹಾಯುತ್ತದೆ, ಚಾವಣಿಯಿಂದ ಇಳಿಯುತ್ತದೆ, ನೆಲದಲ್ಲಿ ಸುತ್ತಿಕೊಳ್ಳುತ್ತದೆ. ನೋಡಿದವರು ಅದನ್ನು ಹೊಕ್ಕುಳಬಳ್ಳಿಯೆಂದಿದ್ದಾರೆ, ರಕ್ತನಾಳವೆಂದಿದ್ದಾರೆ, ಗಾಳಿಯಲ್ಲಿ ಎಳೆದ ಚಿತ್ರರೇಖೆಯೆಂದಿದ್ದಾರೆ, ಮೂರೂ ಸರಿಯೆ. ಆದರೆ ನನಗೆ ಎಲ್ಲಕ್ಕಿಂತ ಮಿಗಿಲೆನಿಸುವುದು ಆ ಸೂಜಿಗಳ ಗೊಂಚಲು. ಹೊಲಿಗೆ ಮುಗಿದಮೇಲೆ ಸೂಜಿಯನ್ನು ತೆಗೆದಿಡುವುದು ಲೋಕರೂಢಿ. ಇಲ್ಲಿ ಉಪಕರಣ ಕೃತಿಯನ್ನು ಬಿಟ್ಟು ಹೋಗಿಲ್ಲ. ಒಂದೊಂದು ಸೂಜಿಯೂ ಆ ಅಗಾಧ ಉದ್ದವನ್ನು ತನ್ನ ಕಣ್ಣಿನಲ್ಲಿ ಹಾಯಿಸಿಕೊಂಡ ಶ್ರಮವನ್ನು ಹಾಗೆಯೇ ಹೊತ್ತು ನಿಂತಿದೆ. ಮನೆಯೊಳಗೆ ಯಾರೂ ಲೆಕ್ಕವಿಡದೆ ನಡೆಯುವ ಹೆಂಗಸರ ದುಡಿಮೆಯನ್ನು ಕುರಿತು ಎಷ್ಟೋ ಪ್ರಬಂಧಗಳನ್ನು ಓದಿದ್ದೇನೆ. ಅವುಗಳ ಸಾರವೆಲ್ಲ ಆ ಗೊಂಚಲಿನಲ್ಲಿ ಕಣ್ಣಿಗೆ ಕಾಣುವಂತಿದೆ.

ಊದುಬತ್ತಿಯ ಕೃತಿಗಳೂ ಇದೇ ದಾರಿಯವು. ಬೆಂಗಳೂರು ಮೈಸೂರುಗಳ ಎಷ್ಟೋ ಮನೆಗಳಲ್ಲಿ, ಇದ್ದಿಲ ಪುಡಿಯನ್ನೂ ಅಂಟುಗುಣವುಳ್ಳ ಮರದ ತೊಗಟೆಯ ಪುಡಿಯನ್ನೂ ನೀರಿನಲ್ಲಿ ಕಲಸಿ, ಮಣೆಯ ಮೇಲೆ ಬಿದಿರಿನ ಕಡ್ಡಿಗೆ ಹೊಸೆದು, ಸಾವಿರಕ್ಕೆ ಇಷ್ಟೆಂದು ಕೂಲಿ ಪಡೆಯುವ ಹೆಣ್ಣುಮಕ್ಕಳು ಇದ್ದಾರೆ. ದೇವರ ಮುಂದೆ ಪರಿಮಳ ಬೀರುವುದಕ್ಕೆ ಮುನ್ನ ಆ ವಸ್ತು ಅವರ ಅಂಗೈಯನ್ನು ಕಪ್ಪುಮಾಡಿರುತ್ತದೆ. ಜರ್ಮನಿಯ ಕಾಸೆಲ್ ನಗರದಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ ಡಾಕ್ಯುಮೆಂಟಾ ಪ್ರದರ್ಶನದ 2007ರ ಆವೃತ್ತಿಗೆ ಶೀಲಾ ಗೌಡರು ಸಿದ್ಧಪಡಿಸಿದ 'ಕೊಲ್ಯಾಟರಲ್' ಎಂಬ ಕೃತಿಯಲ್ಲಿ, ಅದೇ ಕಪ್ಪು ಕಣಕವನ್ನು ಕಡ್ಡಿಯಿಲ್ಲದೆ ನಾನಾ ಆಕಾರಗಳಲ್ಲಿ ಹೊಸೆದು, ಲೋಹದ ಜಾಲರಿಯ ಚೌಕಟ್ಟುಗಳ ಮೇಲೆ ಹರಡಿ, ಬೆಂಕಿ ತಗುಲಿಸಿ, ಬೂದಿಯಾಗುವ ತನಕ ಉರಿಯಗೊಟ್ಟರು. ಉಳಿದದ್ದು ಆಕಾರ ಕೆಡದ ಬೂದಿ. ಯುದ್ಧದಲ್ಲಿ ಆನುಷಂಗಿಕವಾಗಿ ಸತ್ತವರನ್ನು ಲೆಕ್ಕಪತ್ರದ ಭಾಷೆಯಲ್ಲಿ 'ಕೊಲ್ಯಾಟರಲ್ ಡ್ಯಾಮೇಜ್' ಎಂದು ಕರೆಯುತ್ತಾರೆಂಬುದನ್ನು ಬಲ್ಲವರಿಗೆ, ಆ ಹೆಸರಿನ ಕೆಳಗೆ ಆ ಬೂದಿಯ ನಕ್ಷೆ, ವಿಮಾನದಿಂದ ಕಂಡ ಸುಟ್ಟ ಊರೊಂದರಂತೆ ತೋರುತ್ತದೆ.

ಇನ್ನು ಡಾಂಬರಿನ ಪೀಪಾಯಿಗಳು. ರಸ್ತೆ ಮಾಡುವ ಕೂಲಿಕಾರರು ಊರಿಂದೂರಿಗೆ ಸಂಸಾರಸಮೇತ ಹೋಗುತ್ತಾ, ಡಾಂಬರು ಖಾಲಿಯಾದ ಪೀಪಾಯಿಗಳನ್ನು ಸೀಳಿ ಚಪ್ಪಟೆ ಬಡಿದು, ಆ ತಗಡುಗಳಿಂದಲೇ ರಸ್ತೆಯ ಮಗ್ಗುಲಲ್ಲಿ ಗುಡಿಸಲು ಕಟ್ಟಿಕೊಂಡು ಬಾಳುತ್ತಿದ್ದುದನ್ನು ನಮ್ಮ ತಲೆಮಾರಿನವರೆಲ್ಲ ಬಸ್ಸಿನ ಕಿಟಕಿಯಿಂದ ನೋಡಿದ್ದೇವೆ. ಮಧ್ಯಾಹ್ನದ ಬಿಸಿಲಿನಲ್ಲಿ ಆ ತಗಡಿನ ಗೂಡು ಹೇಗಿರುತ್ತದೆಂದು ಊಹಿಸಿದವರು ಕಡಿಮೆ. ಒಳಹೊಕ್ಕು ನೋಡಿದವರು ಇಲ್ಲವೆಂದರೂ ಸಲ್ಲುತ್ತದೆ. 2006ರ 'ಡಾರ್ಕ್‌ರೂಮ್' ಎಂಬ ಕೃತಿಯಲ್ಲಿ ಶೀಲಾ ಗೌಡರು ಪ್ರೇಕ್ಷಕರನ್ನು ಒಳಕ್ಕೆ ಬರಮಾಡಿಕೊಂಡರು. ಇಡೀ ಪೀಪಾಯಿಗಳನ್ನು ಒಂದರಮೇಲೊಂದು ಪೇರಿಸಿ, ಯಾವುದೋ ಅರಮನೆಯ ಕಂಬಸಾಲಿನ ಗಾಂಭೀರ್ಯವನ್ನು ಹೊರಮೈಗೆ ತಂದು, ಅದರ ನಡುವೆ ತಗಡಿನ ಕಗ್ಗತ್ತಲೆಯ ಕೋಣೆಯೊಂದನ್ನು ರಚಿಸಿದರು. ಪ್ರವೇಶದ್ವಾರ ಗಿಡ್ಡ; ತಲೆ ಬಗ್ಗಿಸಿ, ಮೈ ಕುಗ್ಗಿಸಿ ನುಗ್ಗಬೇಕು. ಒಳಗೆ ಕುಳಿತು ಮೇಲೆ ನೋಡಿದರೆ ಚಾವಣಿಯ ತಗಡಿನಲ್ಲಿ ಕೊರೆದ ಸಣ್ಣ ಸಣ್ಣ ರಂಧ್ರಗಳ ಮೂಲಕ ಬರುವ ಬೆಳಕು ನಕ್ಷತ್ರಖಚಿತವಾದ ಆಕಾಶದಂತೆ ಕಾಣುತ್ತದೆ. ಬಡತನವನ್ನು ಸುಂದರವಾಗಿಸಿ ತೋರಿಸಿದರೆಂದು ಇದನ್ನು ಆಕ್ಷೇಪಿಸುವವರಿದ್ದರೆ, ಅವರು ಆ ಬಾಗಿಲಲ್ಲಿ ಬಗ್ಗಿಲ್ಲವೆಂದೇ ಹೇಳಬೇಕು. ಆ ಆಕಾಶವನ್ನು ಕಾಣಲು ಕೂಲಿಯವನಷ್ಟೇ ತಗ್ಗಬೇಕಾಗುತ್ತದೆ, ಅವನಷ್ಟೇ ಇಕ್ಕಟ್ಟಿನಲ್ಲಿ ಕೂರಬೇಕಾಗುತ್ತದೆ, ಡಾಂಬರಿನ ಸೋಂಕುಳ್ಳ ತಗಡು ಮೈಗೆ ತಾಗುವಷ್ಟು ಹತ್ತಿರದಲ್ಲಿರುತ್ತದೆ.

ಪೀಪಾಯಿಯ ಮತ್ತೊಂದು ಜನ್ಮವನ್ನು 2017ರಲ್ಲಿ ಬರ್ಮಿಂಗ್‌ಹ್ಯಾಮಿನ ಐಕಾನ್ ಗ್ಯಾಲರಿಯಲ್ಲಿ ಪ್ರದರ್ಶಿಸಿದ ಕೃತಿ ಹೇಳುತ್ತದೆ. ಮನೆ ಕಟ್ಟುವಲ್ಲಿ ಹೆಣ್ಣಾಳುಗಳು ಗಾರೆ ಜಲ್ಲಿಗಳನ್ನು ತುಂಬಿ ತಲೆಯ ಮೇಲೆ ಹೊರುವ ಬಾಂಡ್ಲಿ ಎಲ್ಲಿಂದ ಬರುತ್ತದೆ? ಹಳೆಯ ಪೀಪಾಯಿಯ ತಗಡನ್ನು ಬಿಡಿಸಿ, ಅದರಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸಿ, ಒತ್ತಿ ಬೋಗುಣಿಯಾಗಿ ಬಾಗಿಸುತ್ತಾರೆ. ಬಿಲ್ಲೆಗಳು ಹೋದ ಬಳಿಕ ಉಳಿಯುವ, ದುಂಡು ತೂತುಗಳಿಂದ ತುಂಬಿದ ತಗಡಿನ ಹಾಳೆಯನ್ನು ಶೀಲಾ ಗೌಡರು ಬಾಂಡ್ಲಿಗಳ ಸಮೇತ ಪ್ರದರ್ಶನಾಲಯಕ್ಕೆ ತಂದರು. ಒಂದು ಕಡೆ ದುಡಿಯುವ ಪಾತ್ರೆ. ಇನ್ನೊಂದು ಕಡೆ ಅದು ಹುಟ್ಟಿದ್ದಕ್ಕೆ ಗುರುತಾದ ಶೂನ್ಯ. ಆ ತೂತಿನ ತಗಡಿನಲ್ಲಿ ಹಳೆಯ ಬಣ್ಣ ಅಲ್ಲಲ್ಲಿ ಉಳಿದಿರುತ್ತದೆ. ಯಾವ ಚಿತ್ರಕಾರನೂ ಬಯಸಬಹುದಾದ ಲಯಬದ್ಧವಾದ ಅಮೂರ್ತ ವಿನ್ಯಾಸವನ್ನು, ಸೌಂದರ್ಯದ ಯೋಚನೆಯೇ ಇಲ್ಲದೆ, ತಗಡು ಪೋಲಾಗಬಾರದೆಂಬ ಒಂದೇ ಎಚ್ಚರದಿಂದ ಕಾರ್ಮಿಕನೊಬ್ಬನು ರಚಿಸಿದ್ದಾನೆ. ಕಲಾವಿದೆ ಅದನ್ನು ಗುರುತಿಸಿದರು, ಎತ್ತಿ ನಿಲ್ಲಿಸಿದರು, ಅದಕ್ಕಿಂತ ಹೆಚ್ಚಿಗೆ ಕೈಯಾಡಿಸಲಿಲ್ಲ. ಈ ಸಂಯಮ ಸಾಮಾನ್ಯವಾದ ಗುಣವಲ್ಲ.

ನಾನು ಹೇಳಬೇಕೆಂದಿರುವ ಮುಖ್ಯವಾದ ಮಾತು ಈ ಸಂಯಮವನ್ನು ಕುರಿತದ್ದೇ. ಅನಿರೀಕ್ಷಿತ ಸಾಮಗ್ರಿಗಳಿಂದ ಕಲಾಕೃತಿ ಮಾಡುವುದು ಈಚೆಗೆ ಒಂದು ರೂಢಿಯೇ ಆಗಿದೆ. ಚಮಚಗಳಿಂದ ಕುದುರೆ, ಟಯರುಗಳಿಂದ ಆನೆ, ಹಳೆಯ ಸಿ.ಡಿ.ಗಳಿಂದ ನವಿಲು, ಇಂಥವನ್ನು ಉದ್ಯಾನಗಳಲ್ಲಿಯೂ ಶಾಲೆಗಳ ಪ್ರದರ್ಶನಗಳಲ್ಲಿಯೂ ಕಾಣುತ್ತೇವೆ. ಅವುಗಳ ಹಿಂದಿನ ಶ್ರದ್ಧೆಗೆ ಗೌರವವಿರಲಿ. ಮಕ್ಕಳ ಕೈಗೆ ಅವು ಒಳ್ಳೆಯ ಅಭ್ಯಾಸವೂ ಹೌದು. ಆದರೆ ಅಲ್ಲಿ ಆನಂದವೆಲ್ಲ ಗುರುತಿಸುವಿಕೆಯ ಒಂದು ಕ್ಷಣಕ್ಕೆ ಸೇರಿದ್ದು. ಚಮಚ ಕುದುರೆಯ ಕೇಸರವಾದೊಡನೆ ತಾನು ಚಮಚವಾಗಿದ್ದುದನ್ನು, ಯಾವ ತಟ್ಟೆಯ ಪಕ್ಕದಲ್ಲಿತ್ತೆಂಬುದನ್ನು, ಯಾರು ಅದನ್ನು ತೊಳೆಯುತ್ತಿದ್ದರೆಂಬುದನ್ನು ಮರೆತುಬಿಡುತ್ತದೆ, ನಾವೂ ಮರೆಯುತ್ತೇವೆ. ಶೀಲಾ ಗೌಡರ ಕೈಯಲ್ಲಿ ಕೂದಲು ಇನ್ನೇನೋ ಆಗುವುದಿಲ್ಲ. ಅದು ಕೂದಲಾಗಿಯೇ ಇರುತ್ತದೆ, ಪೀಪಾಯಿ ಪೀಪಾಯಿಯಾಗಿಯೇ ಇರುತ್ತದೆ. ಅದನ್ನು ಮುಟ್ಟಿದ ಕೈಗಳ, ಅದು ಸಾಗಿ ಬಂದ ಸಂತೆಗಳ, ಅದರ ಮೇಲೆ ನಾವು ಹೇರಿದ ಭಯಭಕ್ತಿಗಳ ನೆನಪು ಅಳಿಯದೆ ಉಳಿಯುತ್ತದೆ. ಹೀನವಾದುದನ್ನು ಬೆಲೆಬಾಳುವಂತೆ ಮಾಡುವುದು ಇಲ್ಲಿ ಉದ್ದೇಶವೇ ಅಲ್ಲ. ವಸ್ತುವಿನ ಪೂರ್ವಾಶ್ರಮವನ್ನು ಉಳಿಸಿಕೊಂಡೇ ಅದಕ್ಕೆ ಮಾತು ಕೊಡುವುದು ಉದ್ದೇಶ.

ಇದು ಅವರೊಬ್ಬರ ಸಾಧನೆಯೆಂದು ಹೇಳಿದರೆ ಅನ್ಯಾಯವಾದೀತು. ಚಂಡೀಗಢದಲ್ಲಿ ರಸ್ತೆ ಮೇಲ್ವಿಚಾರಕನಾಗಿದ್ದ ನೇಕ್‌ಚಂದ್, ಆ ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಒಡೆದ ಮಡಕೆ, ಬಳೆಚೂರು, ಪಿಂಗಾಣಿಗಳನ್ನು ವರ್ಷಾನುಗಟ್ಟಲೆ ಗುಟ್ಟಾಗಿ ಸಂಗ್ರಹಿಸಿ, ಕಾಡಿನ ಮರೆಯಲ್ಲಿ ಒಂದು ಶಿಲ್ಪಲೋಕವನ್ನೇ ನಿರ್ಮಿಸಿದನು. 1976ರಲ್ಲಿ ಸಾರ್ವಜನಿಕರಿಗೆ ತೆರೆದ ಆ ಉದ್ಯಾನದಲ್ಲಿ, ಯೋಜಕರು ಅಳಿಸಿದ ಊರುಗಳು ಬಳೆಯ ಚೂರುಗಳಾಗಿ ಇಂದಿಗೂ ಮಿನುಗುತ್ತಿವೆ. ಆಫ್ರಿಕದ ಘಾನಾದಲ್ಲಿ 1944ರಲ್ಲಿ ಹುಟ್ಟಿ, ನೈಜೀರಿಯದ ನ್ಸುಕ್ಕಾ ನಗರದ ವಿಶ್ವವಿದ್ಯಾನಿಲಯದಲ್ಲಿ ಬಹುಕಾಲ ಅಧ್ಯಾಪಕರಾಗಿದ್ದ ಎಲ್ ಅನಾತ್ಸುಯಿ ಅವರು, ಮದ್ಯದ ಸೀಸೆಗಳ ಅಲ್ಯೂಮಿನಿಯಂ ಮುಚ್ಚಳಗಳನ್ನು ಚಪ್ಪಟೆ ಮಾಡಿ, ತಿರುಚಿ, ತೂತಿಟ್ಟು ತಾಮ್ರದ ತಂತಿಯಿಂದ ಒಂದಕ್ಕೊಂದು ಹೆಣೆದು, ರಾಜರು ಹೊದೆಯುವ ಜರತಾರಿ ವಸ್ತ್ರವೋ ಎನ್ನುವಂತೆ ಗೋಡೆಗಳ ಮೇಲೆ ಇಳಿಬಿಡುತ್ತಾರೆ. ಯೂರೋಪಿನ ವರ್ತಕರು ಆಫ್ರಿಕದ ಕರಾವಳಿಗೆ ತಂದ ಸರಕುಗಳಲ್ಲಿ ಮದ್ಯವೂ ಒಂದು, ಅಲ್ಲಿಂದ ಹೊರಟಾಗ ಅವರ ಹಡಗುಗಳಲ್ಲಿ ಗುಲಾಮರಿದ್ದರು ಎಂಬುದು ನೆನಪಾದಾಗ, ಆ ವಸ್ತ್ರದ ಬಂಗಾರದ ಬಣ್ಣದೊಳಗಿನ ಕೆಂಪು ಬೇರೆಯೇ ಆಗಿ ಕಾಣುತ್ತದೆ. 2015ರಲ್ಲಿ ವೆನಿಸ್ ಪ್ರದರ್ಶನ ಅವರ ಜೀವಮಾನದ ಸಾಧನೆಗಾಗಿ ಸ್ವರ್ಣಸಿಂಹ ಪ್ರಶಸ್ತಿಯನ್ನು ಕೊಟ್ಟು ಗೌರವಿಸಿತು. ಅನಾತ್ಸುಯಿ ಅವರ ಮುಚ್ಚಳಗಳು ದೂರಕ್ಕೆ ವೈಭವವನ್ನೂ ಹತ್ತಿರಕ್ಕೆ ಇತಿಹಾಸವನ್ನೂ ತೋರಿಸುತ್ತವೆ. ಶೀಲಾ ಗೌಡರು ದೂರದಿಂದಲೂ ವೈಭವದ ಸಮಾಧಾನವನ್ನು ಕೊಡುವುದಿಲ್ಲ. ಇಬ್ಬರಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಎರಡನೆಯವರ ಕಡೆಗೆ.

ಇಂಥ ಕೃತಿಗಳನ್ನು ಕಾಪಾಡುವುದು ಹೇಗೆಂಬ ಪ್ರಶ್ನೆ ಸಂಗ್ರಹಾಲಯಗಳನ್ನು ನಿಜವಾಗಿ ಕಾಡತಕ್ಕದ್ದಾಗಿದೆ. ಕಂಚು ಶತಮಾನಗಳನ್ನು ತಾಳುತ್ತದೆ. ತೈಲವರ್ಣವನ್ನು ಜೀರ್ಣೋದ್ಧಾರ ಮಾಡುವ ವಿದ್ಯೆ ಬಹಳ ಹಳೆಯದು. ಆದರೆ ಸಗಣಿ ಒಣಗಿ ಬಿರಿಯುತ್ತದೆ, ಅದಕ್ಕೆ ಹುಳು ಹಿಡಿಯುತ್ತದೆ. ಕುಂಕುಮ ಬೆಳಕಿಗೆ ಮಾಸುತ್ತದೆ. ಬೂದಿಗೆ ಒಂದು ಉಸಿರು ಸಾಕು. ಅಮೆರಿಕದಲ್ಲಿ ಈವಾ ಹೆಸ್ ಎಂಬ ಕಲಾವಿದೆ ಅರುವತ್ತರ ದಶಕದಲ್ಲಿ ರಬ್ಬರಿನ ಹಾಲಿನಿಂದ ಮಾಡಿದ ಕೃತಿಗಳು ಕಾಲಕ್ರಮದಲ್ಲಿ ಕಂದಿ, ಗಡುಸಾಗಿ, ಪುಡಿಯಾಗುತ್ತ ಬಂದದ್ದನ್ನು ಕಂಡು ಅಲ್ಲಿನ ಸಂರಕ್ಷಕರು, ಮೂಲವನ್ನು ಅದರ ಮುಪ್ಪಿಗೆ ಬಿಡಬೇಕೋ ಅಥವಾ ಹೊಸದಾಗಿ ಎರಕ ಹೊಯ್ಯಬೇಕೋ ಎಂದು ದೀರ್ಘವಾಗಿ ಚರ್ಚಿಸಿದ್ದಾರೆ. ಶೀಲಾ ಗೌಡರ ಕೃತಿಗಳಿಗೆ ಇದರ ಜೊತೆಗೆ ಇನ್ನೊಂದು ತೊಡಕೂ ಇದೆ: ಅವುಗಳಿಗೆ ಒಂದು ನಿಶ್ಚಿತವಾದ ಆಕಾರವಿಲ್ಲ. ಕೆಂಪು ಹುರಿಯೂ ಕೂದಲ ಹಗ್ಗವೂ ಪ್ರತಿಯೊಂದು ಕೋಣೆಯಲ್ಲಿ ಆ ಕೋಣೆಯ ಎತ್ತರ, ಮೂಲೆ, ಕಿಟಕಿಗಳನ್ನು ನೋಡಿಕೊಂಡು ಹೊಸದಾಗಿ ಹರಡಿಕೊಳ್ಳಬೇಕು. ನಮ್ಮ ಸಂಗೀತದಲ್ಲಿ ರಾಗ ಒಂದೇ ಆದರೂ ಪ್ರತಿ ಕಚೇರಿಯ ಆಲಾಪನೆ ಬೇರೆಯಾಗುವ ಬಗೆ ಇದು. ಪೆಟ್ಟಿಗೆಯಲ್ಲಿ ಸುತ್ತಿಟ್ಟ ಹುರಿ ಕೃತಿಯಲ್ಲ; ಹರಡುವ ವಿವೇಕವೂ ಕೃತಿಯ ಭಾಗ, ಅದನ್ನು ಮುಂದಿನ ತಲೆಮಾರಿಗೆ ಹೇಗೆ ದಾಟಿಸಬೇಕೆಂಬುದು ಕಬ್ಬಿಣದ ಕಪಾಟಿನಿಂದ ಬಗೆಹರಿಯುವ ಪ್ರಶ್ನೆಯಲ್ಲ.

ವಸ್ತುಗಳು ಮಾತ್ರವಲ್ಲ, ಅವುಗಳ ಹಿಂದಿನ ಬದುಕೂ ಬದಲಾಗುತ್ತಿದೆ. ಈಗಿನ ಕಾರುಗಳಿಗೆ ಉಕ್ಕಿನ ಬಂಪರಿಲ್ಲ, ಪ್ಲಾಸ್ಟಿಕ್ಕಿನದು; ಕೂದಲ ಹಗ್ಗದ ಬದಲು ನೈಲಾನಿನ ಕಪ್ಪು ಹುರಿ ಅಂಗಡಿಗಳಲ್ಲಿ ಧಾರಾಳವಾಗಿ ದೊರೆಯುತ್ತದೆ. ಡಾಂಬರು ಪೀಪಾಯಿಗಳ ಬದಲಿಗೆ ಟ್ಯಾಂಕರುಗಳಲ್ಲಿ ಬರತೊಡಗಿದ ಕಡೆಗಳಲ್ಲಿ, ತಗಡಿನ ಗುಡಿಸಲುಗಳ ಜಾಗಕ್ಕೆ ನೀಲಿ ಟಾರ್ಪಾಲಿನ ಡೇರೆಗಳು ಬಂದಿವೆ. ಹಟ್ಟಿಯಿಲ್ಲದ ಮನೆಗಳಲ್ಲಿ ಹಬ್ಬದ ಸಗಣಿಯನ್ನು ದುಡ್ಡುಕೊಟ್ಟು ತರುತ್ತಾರೆ. ಆ ಬದುಕು ಮರೆಯಾಗುವ ಮುನ್ನ ಅದನ್ನು ಬರೆದಿಡಬೇಕು.

2014ರಲ್ಲಿ ನ್ಯೂಯಾರ್ಕಿನ ಹ್ಯೂಗೋ ಬಾಸ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದ್ದ, 2019ರಲ್ಲಿ ಆಸ್ಟ್ರಿಯದ ಮಾರಿಯಾ ಲಾಸ್‌ನಿಗ್ ಪ್ರಶಸ್ತಿಯನ್ನು ಪಡೆದ, ಮಿಲಾನಿನಲ್ಲಿಯೂ ಮ್ಯೂನಿಕ್ಕಿನಲ್ಲಿಯೂ ವಿಸ್ತಾರವಾದ ಏಕವ್ಯಕ್ತಿ ಪ್ರದರ್ಶನಗಳನ್ನು ಕಂಡ ಈ ಕಲಾವಿದೆಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕಗಳಾಗಿವೆ. ಅಲ್ಲಿ ಕೃತಿಯ ಪಕ್ಕದ ಫಲಕದಲ್ಲಿ 'ಕೂದಲು, ಉಕ್ಕು' ಎಂದು ಎರಡು ಪದ ಬರೆದರೆ ಸಾಕಾಗಬಹುದು. ಕನ್ನಡದಲ್ಲಿ ಅಷ್ಟು ಸಾಲದು. ಹಗ್ಗ ಹೊಸೆಯುವವರು ಎಷ್ಟು ಎಳೆ ಹಿಡಿಯುತ್ತಾರೆ, ತುಂಡುಗೂದಲು ಜಾರದಂತೆ ಹೇಗೆ ಸೇರಿಸುತ್ತಾರೆ. ಪೀಪಾಯಿಯ ಡಾಂಬರನ್ನು ಸುಟ್ಟು ತೆಗೆಯುತ್ತಾರೋ ಕೆರೆದು ತೆಗೆಯುತ್ತಾರೋ. ಬಾಂಡ್ಲಿಯ ಅಂಚನ್ನು ಕೈ ಕುಯ್ಯದಂತೆ ಮಡಿಸುವುದು ಹೇಗೆ. ಮಳೆಗಾಲದಲ್ಲಿ ಊದುಬತ್ತಿ ಒಣಗದಿದ್ದರೆ ಕೂಲಿ ಏನಾಗುತ್ತದೆ, ಇವನ್ನೆಲ್ಲ ಆ ಕಸುಬಿನವರ ಬಾಯಿಂದಲೇ ಕೇಳಿ, ಅವರ ಮಾತುಗಳಲ್ಲೇ ಬರೆದಿಡುವುದಕ್ಕೆ ನಮ್ಮ ಕಲಾಶಾಲೆಗಳ ವಿದ್ಯಾರ್ಥಿಗಳಿಗಿಂತ ಯೋಗ್ಯರು ಯಾರು? ಬೆಂಗಳೂರಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಶಾಖೆ 2009ರಿಂದ ಇದೆ, 2023ರಲ್ಲಿ ಕಲೆ ಮತ್ತು ಛಾಯಾಚಿತ್ರಗಳ ಹೊಸ ಸಂಗ್ರಹಾಲಯವೂ ಬಾಗಿಲು ತೆರೆದಿದೆ, ಜಾಗಕ್ಕೆ ಕೊರತೆಯಿಲ್ಲ. ಆ ಕೃತಿಗಳನ್ನು ಈ ನಗರದಲ್ಲಿ ಒಟ್ಟಾಗಿ ಹರಡಿ ನಿಲ್ಲಿಸುವ ದಿನ, ಫಲಕದ ಮೇಲೆ ಆ ಬರಹ ಕನ್ನಡದಲ್ಲಿರಬೇಕು, ಮತ್ತು ಮೊದಲ ಆಮಂತ್ರಣ ಊದುಬತ್ತಿ ಹೊಸೆಯುವವರಿಗೂ ಬಾಂಡ್ಲಿ ಹೊರುವವರಿಗೂ ಹೋಗಬೇಕು.